ಹನ್ನೆರಡನೇ ಗಿಣಿಯ ಕಣ್ಣು

ದೊಡ್ಡಬಳ್ಳಾಪುರದ ಸಂಜೀವಪ್ಪನವರ ಸೀರೆ ಕಾರ್ಖಾನೆಯಲ್ಲಿ ಸರ್ವರ್ ಆರಿಸುವ ಸಮಿತಿ ಅಂತ ಒಂದು ಹುಟ್ಟಿಕೊಂಡಾಗ, ಅದಕ್ಕೆ ಹಿರಿಯ ಸದಸ್ಯರಾಗಿ ನೇಮಕವಾದವರು ಡಿಸೈನ್ ಮೇಷ್ಟ್ರು ಮುನಿಶಾಮಪ್ಪ. ಸರ್ವರ್ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಿಯೂ ನೋಡಿದರು. "ಗೊತ್ತಿರೋರು ಇದ್ರೆ ಜಗಳ ಆಗ್ತದೆ, ನೀವೇ ಇರಿ" ಎಂದರು ಸಾಹುಕಾರ ಸಂಜೀವಪ್ಪನವರು.

ಆದರೆ ಮುನಿಶಾಮಪ್ಪ ಒಪ್ಪಿಕೊಂಡದ್ದಕ್ಕೆ ಅವರದೇ ಕಾರಣವಿತ್ತು. ಆಫೀಸಿನ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಪೆಟ್ಟಿಗೆ ಹದಿನಾರು ವರ್ಷದಿಂದ ಗರಗರ ಎನ್ನುತ್ತ ಕೂತಿತ್ತು. ಮೂವತ್ತೊಂದು ವರ್ಷ ಮೇಷ್ಟ್ರು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ಬರೆದ ಅಂಚು, ಸೆರಗು, ಬುಟ್ಟ ಎಲ್ಲವೂ ಅದರ ಹೊಟ್ಟೆಯಲ್ಲಿದ್ದವು. ಹಾಳೆಗಳನ್ನು ಗೆದ್ದಲು ತಿಂದು ಯಾವ ಕಾಲವಾಯಿತೋ. ಪೊರೆ ಆಪರೇಷನ್ ಆದಮೇಲೂ ಆ ಸಣ್ಣ ಚೌಕಗಳು ಅವರ ಕಣ್ಣಿಗೆ ಒಂದರ ಮೇಲೊಂದು ಬಿದ್ದಂತೆ ಕಾಣುತ್ತಿದ್ದವು, ಮತ್ತೆ ಬರೆಯುವ ಮಾತೇ ಇಲ್ಲ. ಈಚೆಗೆ ಪೆಟ್ಟಿಗೆ ಗರಗರದ ನಡುವೆ ಟಕ್ ಟಕ್ ಎನ್ನಲು ಶುರು ಮಾಡಿತ್ತು. ಅದು ಹೋದರೆ ತಾವು ಬದುಕಿನಲ್ಲಿ ಮಾಡಿದ್ದೆಲ್ಲ ಅದರ ಜೊತೆಗೇ ಹೋದಂತೆ ಎಂದು ಮೇಷ್ಟ್ರಿಗೆ ಭಯ.

ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುವವಳು ಒಬ್ಬಳೇ, ಹತ್ತಿರದ ಮಧುರೆ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಅಕ್ಷತ. ಹಳೆಯದರ ಬದಲು ಸರ್ವರ್ ಎಂಬ ಒಂದು ದೊಡ್ಡ ಪೆಟ್ಟಿಗೆ ತಂದರೆ ಅದರೊಳಗೆ ನಾಲ್ಕು ಮಿಶನ್ ಮಾಡಬಹುದು, ಬಿಲ್ಲಿಗೊಂದು, ಹಾಜರಿಗೊಂದು, ಗೋಡೌನಿಗೊಂದು, ಡಿಸೈನಿಗೊಂದು. ಆ ನಾಲ್ಕೂ ನಿಜವಾಗಿ ಇರುವುದಿಲ್ಲ, ಆದರೆ ಇದ್ದ ಹಾಗೇ ಕೆಲಸ ಮಾಡುತ್ತವೆ ಎಂದು ಅವಳು ವಿವರಿಸಿದಳು. ಮೇಷ್ಟ್ರು ಯೋಚಿಸಿ, ವಠಾರದ ಹಾಗೆ ಅಲ್ಲವೇನಮ್ಮಾ ಅಂದರು. ಒಂದೇ ಸೂರು, ನಾಲ್ಕು ಸಂಸಾರ, ಒಬ್ಬರ ಒಲೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಅಕ್ಷತಳಿಗೆ ಅಳುವಷ್ಟು ಖುಷಿಯಾಯಿತು. ಕೆಲಸಕ್ಕೆ ಸೇರಿದ ಆರು ತಿಂಗಳಲ್ಲಿ ಅವಳ ಮಾತು ಅರ್ಥ ಮಾಡಿಕೊಂಡವರು ಇವರೊಬ್ಬರೇ.

ಹೀಗೆ ವಠಾರ ಕಟ್ಟಿಕೊಡುವ ಸಾಫ್ಟ್‌ವೇರುಗಳು ಎರಡು ಪೈಪೋಟಿಗೆ ಬಂದಿದ್ದವು. ಒಂದು ದೊಡ್ಡ ಕಂಪನಿಯದು, ಕಾಸು ಕೊಟ್ಟು ತರುವುದು. ಇನ್ನೊಂದು ಅಕ್ಷತ ಹೇಳುತ್ತಿದ್ದದ್ದು, ಬಿಟ್ಟಿಯದು. ಕಾರ್ಖಾನೆಯಲ್ಲಿ ಅವಕ್ಕೆ ಕಾಸಿನದು, ಬಿಟ್ಟಿದು ಎಂದೇ ಹೆಸರಾಯಿತು. ಸಾಹುಕಾರರಿಗೆ ಬಿಟ್ಟಿ ಎಂದರೆ ಬೇಡವೆಂದೇನೂ ಇರಲಿಲ್ಲ. ಅವರ ತಕರಾರು ಬೇರೆ. ಅದನ್ನು ಮಾಡಿದವರ ಫೋನ್ ನಂಬರ್ ಕೊಡು ಎಂದು ಅಕ್ಷತಳನ್ನು ಕೇಳಿದರು. ಒಬ್ಬರು ಮಾಡಿದ್ದಲ್ಲ ಸಾರ್, ಪ್ರಪಂಚದವರೆಲ್ಲ ಸೇರಿ ಮಾಡಿದ್ದು ಎಂದಳು ಅವಳು.

"ಕೆಟ್ಟೋದ್ರೆ ಯಾರನ್ನ ಬಯ್ಯೋದು? ಪ್ರಪಂಚದೋರನ್ನ ಹೆಂಗಮ್ಮಾ ಬಯ್ಯೋದು?"

ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುತ್ತ ಸಮಿತಿ ಆರು ಸಲ ಸೇರಿತು. ಮೂರನೇ ಸಭೆಯಂತೂ ಪೂರ್ತಿ, ಇಲ್ಲದ ನಾಲ್ಕು ಮಿಶನ್‌ಗಳಿಗೆ ಆಯುಧಪೂಜೆಯಲ್ಲಿ ನಾಲ್ಕು ನಿಂಬೆಹಣ್ಣು ಇಡಬೇಕೋ ಒಂದೇ ಸಾಕೋ ಎಂಬುದರಲ್ಲೇ ಕಳೆದುಹೋಯಿತು. ಒಂದನ್ನೇ ನಾಲ್ಕು ಹೋಳು ಮಾಡಿ ಇಡುವುದೆಂದು ತೀರ್ಮಾನವಾಗಿ ಎಲ್ಲರೂ ಸಮಾಧಾನದಿಂದ ಮನೆಗೆ ಹೋದರು. ಯಾವ ಸಾಫ್ಟ್‌ವೇರ್ ಎನ್ನುವುದು ಮಾತ್ರ ಹಾಗೇ ಉಳಿಯಿತು. ಹಿಂದಿನ ಕೋಣೆಯ ಟಕ್ ಟಕ್ ಜೋರಾಗುತ್ತ ಬಂತು.

ಕೊನೆಗೆ ದಾರಿ ತೋರಿಸಿದವರು ಮಗ್ಗದ ಮೇಸ್ತ್ರಿ ಸಕ್ಲೇನ್. "ಇಷ್ಟು ವರ್ಷ ಮಗ್ಗ ಹೆಂಗೆ ತಗೊಂಡ್ವಿ ಸಾಹುಕಾರ್ರೇ? ಇದನ್ನೂ ಹಂಗೇ ತಗೊಳಣ" ಅಂದರು.

ಮಗ್ಗ ಕೊಳ್ಳುವಾಗ ಈ ಕಾರ್ಖಾನೆಯವರು ಕಾಗದ ಪತ್ರ ನೋಡುವುದಿಲ್ಲ. ತಮ್ಮದೇ ನೂಲು ಹಾಕಿಸಿ ಓಡಿಸುತ್ತಾರೆ. ಮಗ್ಗ ಭರದಿಂದ ಓಡುತ್ತಿರುವಾಗ ಹಿರಿಯರೊಬ್ಬರು ಹೋಗಿ ಒಂದು ಎಳೆಯನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸುತ್ತಾರೆ. ಆ ಕ್ಷಣಕ್ಕೆ ನಿಂತರೆ ಅದು ಮರ್ಯಾದಸ್ತ ಮಗ್ಗ. ಎಳೆ ಹೋದರೂ ತನಗೇನೂ ಆಗಿಲ್ಲವೆಂಬಂತೆ ಓಡುತ್ತಲೇ ಇದ್ದರೆ ಗಜಗಟ್ಟಲೆ ಬಟ್ಟೆ ಹಾಳು, ಅಂಥದ್ದನ್ನು ವಾಪಸ್ ಕಳಿಸುತ್ತಾರೆ. ಮೂವತ್ತು ವರ್ಷದಿಂದ ಆ ಕತ್ತರಿ ಮುನಿಶಾಮಪ್ಪನವರ ಕೈಯಲ್ಲೇ ಇತ್ತು. ಸಾಹುಕಾರರು ಮೇಜು ತಟ್ಟಿ ಪರೀಕ್ಷೆಗೆ ಗುರುವಾರ ಗೊತ್ತು ಮಾಡಿದರು. ಎರಡೂ ನಪಾಸಾದರೆ ಹಳೆಯದೇ ಇರಲಿ, ಈ ಮಾತು ಇನ್ನು ಎತ್ತಬೇಡಿ ಎಂದೂ ಸೇರಿಸಿದರು. ಮೇಷ್ಟ್ರು ಹಿಂದಿನ ಕೋಣೆಗೆ ಹೋಗಿ ಟಕ್ ಟಕ್ ಕೇಳಿ ಬಂದರು.

ಗುರುವಾರ ಮಗ್ಗಗಳನ್ನು ನಿಲ್ಲಿಸಿ ಎಲ್ಲರಿಗೂ ಖಾರಾಬಾತ್ ಕಾಫಿ ಕೊಟ್ಟರು. ಕಾಸಿನದರ ಕಡೆಯಿಂದ ಶ್ರೀಧರ್ ಎಂಬವರು ಕೋಟು ಹಾಕಿಕೊಂಡು, ಎರಡು ಮಿಂಚುವ ಪೆಟ್ಟಿಗೆಗಳನ್ನು ಕಾರಿನಲ್ಲಿ ಹಾಕಿಕೊಂಡು ಬಂದಿದ್ದರು. ದೊಡ್ಡ ಟೀವಿಯಲ್ಲಿ ಒಂದು ಸೀರೆಯ ಚಿತ್ರ ಓಡುತ್ತಿತ್ತು. ಒಂದು ಪೆಟ್ಟಿಗೆಯ ನೀಲಿ ವೈರನ್ನು ಮೇಷ್ಟ್ರು ಕಣ್ಣು ಕಿರಿದು ಮಾಡಿ ಹುಡುಕಿ, ದೇವರನ್ನು ನೆನೆದು ಕತ್ತರಿಸಿದರು. ಚಿತ್ರ ಒಂದು ಸಲ ಮಿಟುಕಿತು, ಎರಡನೇ ಪೆಟ್ಟಿಗೆಯಿಂದ ಮತ್ತೆ ಓಡತೊಡಗಿತು. ಶ್ರೀಧರ್ ಕೈ ಕಟ್ಟಿಕೊಂಡು ಚಪ್ಪಾಳೆಗೆ ಕಾದರು.

ಸಕ್ಲೇನ್ ಲೊಚಗುಟ್ಟಿದರು. ಸಾಹುಕಾರರು, ಕಡಿದುಹೋದಮೇಲೂ ಇದು ಓಡುತ್ತಿದೆಯಲ್ಲಾ ಎಂದು ನೊಂದುಕೊಂಡು ಕೇಳಿದರು. ಅದೇ ಸಾರ್ ಇದರ ಹೆಚ್ಚುಗಾರಿಕೆ ಎಂದರು ಶ್ರೀಧರ್. ಯಾರೂ ನೋಡಿಕೊಳ್ಳದಿದ್ದರೂ ಓಡುತ್ತದೆ, ಹಬ್ಬಕ್ಕೆ ರಜಾ ಕೊಟ್ಟು ಹೋದರೂ ಓಡುತ್ತದೆ, ಕಡಿದದ್ದು ನಿಮಗೆ ಗೊತ್ತೇ ಆಗುವುದಿಲ್ಲ ಎಂದು ಅವರು ಉತ್ಸಾಹದಿಂದ ಹೇಳಿದಷ್ಟೂ ನೇಯುವವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಗೊತ್ತೇ ಆಗುವುದಿಲ್ಲ ಎಂಬ ಮಾತಿಗಂತೂ ಒಬ್ಬಾಕೆ ನೆಟಿಗೆ ಮುರಿದಳು.

ಇನ್ನು ಅಕ್ಷತಳ ಸರದಿ. ಪಾಪ, ಅವಳ ಹತ್ತಿರ ಎರಡು ಪೆಟ್ಟಿಗೆ ಎಲ್ಲಿ ಬರಬೇಕು? ಸಾಹುಕಾರರು ಮಂಜೂರು ಮಾಡಿದ್ದು ಒಂದೇ. ನಾಚಿಕೆಯಿಂದ ಅವಳ ಮುಖ ಸಣ್ಣದಾಗಿತ್ತು. ಮೇಷ್ಟ್ರು ನೀಲಿ ವೈರನ್ನು ಕತ್ತರಿಸಿದರು. ಟೀವಿ ಬರೀ ಕಪ್ಪಾಗಿ ನಿಂತುಹೋಯಿತು. ಅವಳು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಚಪ್ಪಾಳೆ ಶುರುವಾಯಿತು. ಎಷ್ಟು ಚೆನ್ನಾಗಿ ನಿಂತಿತು ನೋಡಿದಿರಾ, ಒಂದು ಎಳೆಯೂ ಮುಂದೆ ಹೋಗಲಿಲ್ಲ ಎಂದು ಸಕ್ಲೇನ್ ಕಣ್ಣೊರೆಸಿಕೊಂಡರು. ಬಿಟ್ಟಿದು ಪಾಸಾಯಿತು. ಶ್ರೀಧರ್ ಏನಾಯಿತೆಂದು ತಿಳಿಯದೆ ಪೆಟ್ಟಿಗೆಗಳನ್ನು ಕಾರಿಗೆ ಹೊರಿಸತೊಡಗಿದರು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಆ ಕಾರ್ಖಾನೆಯಲ್ಲಿ ಇನ್ನೊಂದು ಪದ್ಧತಿಯಿದೆ. ಹೊಸ ಮಗ್ಗದ ಮೊದಲ ಸೀರೆಯನ್ನು ಹಳೆಯ ಮಗ್ಗ ನೋಡಬಾರದು. ಕತ್ತರಿ ಹಿಡಿದವರೇ ಅದರ ಸ್ವಿಚ್ ಆರಿಸಿ ಹಿಂಬಾಗಿಲಿನಿಂದ ಕಳಿಸಬೇಕು. ಗುಜರಿಯ ಅನೀಸ್ ಅಹಮದ್ ಗೂಡ್ಸ್ ಆಟೋ ಸಮೇತ ಬಂದು ಅದಾಗಲೇ ಖಾರಾಬಾತ್ ತಿಂದಿದ್ದರು. ಅಕ್ಷತ ಮೇಜಿನ ಕೆಳಗೆ ಕೂತು ತನ್ನ ವೈರಿಗೆ ಹೊಸ ತುದಿ ಹಾಕುತ್ತಿದ್ದಳು. ಸಾಹುಕಾರರು ಆಗಲಿ ಮೇಷ್ಟ್ರೇ ಎಂದರು. ಮೂವತ್ತು ವರ್ಷದ ಅಭ್ಯಾಸ ನೋಡಿ, ಮುನಿಶಾಮಪ್ಪ ಹಿಂದಿನ ಕೋಣೆಗೆ ಹೋಗಿ ಪಟ್ಟೆಂದು ಸ್ವಿಚ್ ಆರಿಸಿಯೇಬಿಟ್ಟರು. ಗರಗರ ನಿಂತಿತು. ಪೆಟ್ಟಿಗೆ ಹೊತ್ತು ಆಟೋ ಹೊರಟುಹೋಯಿತು.

ಸ್ವಲ್ಪ ಹೊತ್ತಿಗೆ ಅಕ್ಷತ ಕೋಣೆಗೆ ಬಂದು ಖಾಲಿ ಮೇಜನ್ನು ನೋಡಿದಳು.

"ಹಳೇದು ಎಲ್ಲಿ ಮೇಷ್ಟ್ರೇ? ಕಾಪಿ ಮಾಡಿದ್ದೆ, ಆದ್ರೆ ಎಲ್ಲಾ ಸರಿಯಾಗಿ ಬಂತಾ ಅಂತ ಇನ್ನೂ ನೋಡಿಲ್ಲ."

ಮೇಷ್ಟ್ರು ತಕ್ಷಣ ಅನೀಸ್ ಅಹಮದರಿಗೆ ಫೋನ್ ಮಾಡಿದರು. ಅವರು ಕೆಲಸದಲ್ಲಿ ಬಲು ಚುರುಕು. ಪೆಟ್ಟಿಗೆ ಬಿಚ್ಚಿಯಾಯಿತು, ಕಬ್ಬಿಣ ಬೇರೆ ಅಲ್ಯೂಮಿನಿಯಂ ಬೇರೆ ಆಯಿತು, ಒಳಗೆ ಕನ್ನಡಿಯಂಥ ಒಂದು ತಟ್ಟೆ ಇತ್ತು, ಅದಕ್ಕೂ ಸುತ್ತಿಗೆ ಹಾಕಿದೆ ಎಂದು ಸಂತೋಷದಿಂದ ವರದಿ ಒಪ್ಪಿಸಿದರು. ತನ್ನ ಕೈಯಾರೆ ತಾನೇ ಕೊಂದೆನಲ್ಲಾ ಎಂದುಕೊಂಡರು ಮುನಿಶಾಮಪ್ಪ. ಕಾಪಿಯಾದರೂ ಸರಿಯಿದೆಯೋ ನೋಡಲು ಟೀವಿಯ ಮುಂದೆ ಬಂದು ಕೂತರು.

ವೈರು ಸೇರಿ ಟೀವಿ ಹೊತ್ತಿಕೊಂಡಿತು. ಯಾವುದು ತೋರಿಸಲಿ ಎಂದು ಅಕ್ಷತ ಕೇಳಿದಳು. ಸಾಹುಕಾರರು, ಸಕ್ಲೇನ್, ಸೀರೆ ಮಡಚುವ ಹೆಂಗಸರು, ಎಲ್ಲರೂ ಹಿಂದೆ ನಿಂತಿದ್ದರು. ಮೇಷ್ಟ್ರು, ಗಿಣಿಸಾಲು ತೆಗಿಯಮ್ಮಾ ಎಂದರು.

ಗಿಣಿಸಾಲೇ ಏಕೆ ಎನ್ನುವುದು ಪ್ರಪಂಚದಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಮದುವೆ ಸೀಸನ್ನಿನ ಆತುರದಲ್ಲಿ ಬರೆದ ಅಂಚು ಅದು. ಹನ್ನೆರಡು ಗಿಣಿಗಳ ಸಾಲು, ಅದೇ ಮತ್ತೆ ಮತ್ತೆ ಬರುತ್ತದೆ. ಹನ್ನೆರಡನೇ ಗಿಣಿಗೆ ಕಣ್ಣಿನ ಚೌಕ ತುಂಬುವುದನ್ನು ಮರೆತಿದ್ದರು. ತಿಳಿಯುವ ಹೊತ್ತಿಗೆ ಸೀರೆ ಊರೂರಿಗೆ ಹೋಗಿ ಹೆಸರಾಗಿಬಿಟ್ಟಿತ್ತು. ಕಾರ್ಖಾನೆಯ ಗೇಟಿನ ಮೇಲೆ 'ಒಂದು ಎಳೆಯೂ ತಪ್ಪಿಲ್ಲ' ಎಂದು ಬರೆಸಿದ ಸಾಹುಕಾರರಿಗೆ ಇದನ್ನು ಹೇಗೆ ಹೇಳುವುದು? ಬಾಯಿ ಮುಚ್ಚಿಕೊಂಡರು. ಅಂದಿನಿಂದ ಯಾರಾದರೂ ಆ ಸೀರೆ ಉಟ್ಟು ಎದುರು ಬಂದರೆ ಮೇಷ್ಟ್ರು ರಸ್ತೆಯ ಆ ಬದಿಗೆ ಹೋಗುತ್ತಿದ್ದರು.

ಟೀವಿಯಲ್ಲಿ ಗಿಣಿಗಳು ಕೋಳಿ ಗಾತ್ರಕ್ಕೆ ಬಂದು ಕೂತವು. ಮೇಷ್ಟ್ರು ಬೆರಳಲ್ಲಿ ಎಣಿಸಿದರು. ಹತ್ತು, ಹನ್ನೊಂದು, ಹನ್ನೆರಡು. ಕಣ್ಣಿರಲಿಲ್ಲ. ಮುಚ್ಚಿಟ್ಟ ತಪ್ಪೇ ಬಂದಮೇಲೆ ಮಿಕ್ಕದ್ದು ಬರದೆ ಎಲ್ಲಿ ಹೋಗುತ್ತದೆ? ಅವರಿಗೆ ಹೋದ ಜೀವ ಮರಳಿತು. ಎಲ್ಲಾ ಬಂದದೆ ಕಣಮ್ಮಾ ಎಂದು ಧೋತ್ರದ ಚುಂಗಿನಿಂದ ಮುಖ ಒರೆಸಿಕೊಂಡರು.

ಆಗ ಸಕ್ಲೇನ್ ಟೀವಿಯ ಹತ್ತಿರ ಬಂದು ಬಗ್ಗಿ ನೋಡಿದರು. "ಏ, ಈ ಗಿಣಿಗೆ ಕಣ್ಣೇ ಇಲ್ವಲ್ಲ" ಅಂದರು.

ಸಾಹುಕಾರರೂ ನೋಡಿದರು. ಅವರ ಪಿತ್ತ ನೆತ್ತಿಗೇರಿತು. ಬಿಟ್ಟಿದು ಗಿಣಿಯ ಕಣ್ಣನ್ನೇ ತಿಂದುಹಾಕಿದೆ, ಒಳಗೆ ಇನ್ನೇನೇನು ತಿಂದಿದೆಯೋ ಎಂದು ಕೂಗಾಡಿದರು. ಶ್ರೀಧರ್ ಇನ್ನೂ ಗೇಟಿನಲ್ಲಿದ್ದರೆ ಹಿಡಿದು ನಿಲ್ಲಿಸಿ ಎಂದು ಆಳನ್ನು ಓಡಿಸಿದರು. "ಅಕ್ಷತಾ, ಇದ್ರಲ್ಲಿರೋದನ್ನ ಪೂರಾ ಒರೆಸಿಬಿಡು. ಅವರದ್ದೇ ಹಾಕಿಸ್ತೀನಿ." ಒರೆಸಿದರೆ ಡಿಸೈನ್ ಒಂದೂ ಉಳಿಯಲ್ಲ ಸಾರ್ ಎಂದು ಅವಳು ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

ಮುನಿಶಾಮಪ್ಪ ಎದ್ದು ನಿಂತರು. ಮಾನ ಹೋಗುವುದೆಂದರೆ ಹೇಗಿರುತ್ತದೆಂದು ಇಪ್ಪತ್ತೊಂಬತ್ತು ವರ್ಷ ಅವರು ಕಲ್ಪಿಸಿಕೊಂಡಿದ್ದರು. ಇಷ್ಟು ಜನ ಸುತ್ತಲೂ ಕಾಫಿ ಲೋಟ ಹಿಡಿದು ನಿಂತಿರುತ್ತಾರೆಂದು ಮಾತ್ರ ಅಂದುಕೊಂಡಿರಲಿಲ್ಲ.

"ಮಿಶನ್ ತಿಂದಿಲ್ಲ ಸಾಹುಕಾರ್ರೇ. ನಾನೇ ಬಿಟ್ಟಿದ್ದು. ಮೊದಲ್ನೇ ಸೀರೆಯಿಂದ್ಲೂ ಅದು ಕುರುಡೇ."

ಸಾಹುಕಾರರು ನಂಬಲಿಲ್ಲ. ಅಷ್ಟರಲ್ಲಿ ಸೀರೆ ಮಡಚುವ ಸೊಣ್ಣಮ್ಮ ಮುಂದೆ ಬಂದಳು. ಅವಳು ಉಟ್ಟಿದ್ದದ್ದು ಗಿಣಿಸಾಲೇ. ಸೆರಗಿನ ಅಂಚನ್ನು ಮೇಜಿನ ಮೇಲೆ ಹರಡಿದಳು. ಸಾಹುಕಾರರು ಕನ್ನಡಕ ಹಾಕಿಕೊಂಡು ಉಗುರಿನಿಂದ ಒಂದೊಂದೇ ಗಿಣಿಯನ್ನು ಎಣಿಸಿದರು. ಹನ್ನೆರಡನೆಯದಕ್ಕೆ ಕಣ್ಣಿಲ್ಲ. ಇಪ್ಪತ್ನಾಲ್ಕನೆಯದಕ್ಕೂ ಇಲ್ಲ. ಹದಿನೈದು ವರ್ಷದಿಂದ ಉಡುತ್ತಿದ್ದೇನೆ, ಒಬ್ಬರೂ ಹೇಳಲಿಲ್ಲವಲ್ಲ ಎಂದು ಸೊಣ್ಣಮ್ಮ ತನ್ನ ಪಾಡಿಗೆ ತಾನು ಅಚ್ಚರಿಪಟ್ಟಳು.

ಆಮೇಲೆ ಸಾಹುಕಾರರು ಬಯ್ಯಲು ಶುರು ಮಾಡಿದರು. ಮೇಷ್ಟ್ರ ಕಣ್ಣಿಗೆ ಬೈದರು, ಕೈಗೆ ಬೈದರು, ಆವತ್ತಿನ ಪೆನ್ಸಿಲ್‌ಗೂ ಬೈದರು. ಬಯ್ಯುತ್ತ ಬಯ್ಯುತ್ತ ಮಧ್ಯದಲ್ಲಿ ಅವರ ಮುಖ ಅರಳಿತು. ಆರು ಸಭೆಗಳಲ್ಲಿ ಸಿಗದಿದ್ದ ಉತ್ತರ ಎದುರಿಗೇ ನಿಂತಿತ್ತಲ್ಲ! ಶ್ರೀಧರ್ ಹೋಗಲಿ ಬಿಡಿ ಎಂದು ಹೇಳಿಕಳಿಸಿ, ಅಕ್ಷತಳಿಗೆ ಬರೆದುಕೋ ಎಂದರು. ಬಿಟ್ಟಿದನ್ನೇ ಇಟ್ಟುಕೊಳ್ಳುವುದು. ಅದು ಕೆಟ್ಟರೆ ಬಯ್ಯಬೇಕಾದವರು, ಡಿಸೈನ್ ಮೇಷ್ಟ್ರು ಮುನಿಶಾಮಪ್ಪ.

ಮುನಿಶಾಮಪ್ಪ ಕೈ ಮುಗಿದರು. ಇಷ್ಟು ಹಗುರವಾಗಿ ಅವರು ಎಂದೂ ನಿಂತದ್ದೇ ಇಲ್ಲ. ಜನ ಕರಗಿದಮೇಲೆ ಅಕ್ಷತ ಮೆಲ್ಲಗೆ, ಒಂದೇ ಚೌಕ ಮೇಷ್ಟ್ರೇ, ಈಗಲೇ ಕಣ್ಣು ಹಾಕಿಬಿಡಲಾ ಎಂದು ಕೇಳಿದಳು. ಅವರು ಅವಳ ಕೈ ತಡೆದರು.

"ಬೇಡಮ್ಮ. ಮುಂದೆ ಇದೂ ಗರಗರ ಅಂದಾಗ ಇನ್ನೊಂದಕ್ಕೆ ಕಾಪಿ ಮಾಡ್ತೀಯಲ್ಲ. ಆಗ ನಾನಿರ್ತೀನೋ ಇಲ್ವೋ. ಎಲ್ಲಾ ಬಂತಾ ಅಂತ ಇವನನ್ನೇ ಮೊದಲು ನೋಡು."

ಹೊರಗಿನಿಂದ ಸಾಹುಕಾರರು ಮತ್ತೆ ಕೂಗಿದರು. ಸೊಣ್ಣಮ್ಮನ ಸೆರಗಿನಂಚಿನಲ್ಲಿ ಮೂವತ್ತಾರನೇ ಗಿಣಿ ಸಿಕ್ಕಿತ್ತಂತೆ. ಮೇಷ್ಟ್ರು ಬೈಸಿಕೊಳ್ಳಲು ಹೋದರು.