ದನಿ ಕುಸಿದ ಜಾಗ

ಮೈಕಿನ ಸ್ಟ್ಯಾಂಡಿನ ನೆರಳು ಸೋಫಾದ ಮೇಲೆ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತಿದೆ, ಅದರಾಚೆ ಭಾವನವರು ಬನಿಯನ್ನಿನಲ್ಲಿ ಕಪಾಟು ತಳ್ಳುತ್ತಿದ್ದಾರೆ, ಇನ್ನೂ ಸ್ವಲ್ಪ ಎಡಕ್ಕೆ ಭಾವ, ದನಿಗೆ ಉಸಿರಾಡಕ್ಕೆ ಜಾಗ ಬೇಕಲ್ಲ ಎಂದದ್ದು ಅವರ ಹೆಂಡತಿಯ ತಮ್ಮ, ಅವನೇ, ಸುಳ್ಳು, ಶುದ್ಧ ಸುಳ್ಳು, ಆದರೆ ಆ ಬೆನ್ನಲ್ಲಿ ಬೆವರಿಳಿಯುವುದನ್ನು ನೋಡುತ್ತಿದ್ದರೆ ನಿಜ ಯಾರಿಗೆ ಬೇಕು – ಬೆಳಗ್ಗೆಯಿಂದ ಪರದೆ ದಪ್ಪದ್ದಾಯಿತು, ಜಮಖಾನ ಹಾಸಿದ್ದಾಯಿತು, ಸ್ಪೀಕರಿನೊಳಗಿನ ಗಾಯಕಿ ಮಾತ್ರ ಬಾವಿಯಲ್ಲೇ ಕೂತು ಹಾಡುತ್ತಿದ್ದಾಳೆ, ಏನಾದ್ರೂ ಮಾಡೋ, ಅಂತಾರೆ ಭಾವ, ಸಂಜೆ ಅಂಗಡಿಯವರು ಕೇಳಕ್ಕೆ ಬರ್ತಾರೆ, ಒಪ್ಪಿದ್ರೆ ಊರೂರಲ್ಲೂ ನಮ್ಮದೇ ಸ್ಪೀಕರ್ ಪೆಟ್ಟಿಗೆ. ನಮ್ಮದೇ ಅಂತೆ. ವರ್ಷಗಟ್ಟಲೆ ಷೆಡ್ಡಿನಲ್ಲಿ ಮರದ ಹುಡಿ ನುಂಗಿ, ಅಳೆದು, ಕೊಯ್ದು, ಅಂಟಿಸಿ ನಿಲ್ಲಿಸಿದವನು ಅವನು, ಎರಡು ದಿನ ಕೇಳಿ ಕೊಡ್ತೀನಿ ಎಂದು ಹೊತ್ತೊಯ್ದು, ಬಡಗಿಯಿಂದ ನಕಲು ಮಾಡಿಸಿ, ಹಿತ್ತಾಳೆಯಲ್ಲಿ ತನ್ನ ಹೆಸರು ಕೆತ್ತಿಸಿದವರು ಇವರು – ಪಾಪ, ಅವಸರದ ಕಳ್ಳ, ಹೊತ್ತದ್ದು ಪರೀಕ್ಷೆಯ ದಿನ. ಪರೀಕ್ಷೆಗೆಂದೇ ಪೆಟ್ಟಿಗೆಯೊಳಗಿನ ಚಿಕ್ಕ ಸ್ಪೀಕರಿನ ಎರಡು ತಂತಿಗಳನ್ನು ಅವನು ಅದಲುಬದಲು ಮಾಡುತ್ತಾನೆ, ಆಗ ದೊಡ್ಡದೂ ಚಿಕ್ಕದೂ ಒಂದನ್ನೊಂದು ಹಗ್ಗಜಗ್ಗಾಟದಂತೆ ಎಳೆದು, ಎರಡರ ಸ್ವರಗಳೂ ಕೂಡುವ ಜಾಗದಲ್ಲಿ ದನಿ ಕುಸಿಯುತ್ತದೆ, ಎಷ್ಟು ಆಳಕ್ಕೆ ಕುಸಿದರೆ ಜೋಡಿ ಅಷ್ಟು ಸರಿ, ಆಮೇಲೆ ತಂತಿ ಮೊದಲಿನಂತೆ ಸಿಕ್ಕಿಸಿದರಾಯಿತು, ಆ ಆಮೇಲೆ ಬರುವ ಮೊದಲೇ ಭಾವ ಬಂದಿದ್ದರು. ತಂತಿಗೆ ತಂತಿ ನಕಲು. ಮೈಕು ಕೇಳಿದ್ದನ್ನು ಬರೆಯುವ ಲ್ಯಾಪ್‌ಟಾಪಿನ ಗೆರೆ ಗಾಯಕಿಯ ಗಂಟಲಿಗೆ ಸರಿಯಾಗಿ ಹಳ್ಳಕ್ಕೆ ಬೀಳುತ್ತದೆ, ಎಂಥ ಚೆಂದದ ಹಳ್ಳ, ಸ್ವರ್ಗಕ್ಕೆ ಮೂರೇ ಗೇಣು, ಹೇಳುವುದಿಲ್ಲ, ಅಂಗಡಿಯವರು ಬರಲಿ, ಮುಖ ಹಿಂಡಲಿ, ಹಿತ್ತಾಳೆ ಕಿಲುಬು ಹಿಡಿಯಲಿ – ಅಕ್ಕ ಯಾವಾಗ ಬಂದು ಸೋಫಾದಲ್ಲಿ ಕೂತಳೋ, ಭಾವ ಕೈತೊಳೆಯಲು ಒಳಗೆ ಹೋದದ್ದೇ ದನಿ ತಗ್ಗಿಸಿದಳು, ಸುಮ್ನೆ ಒದ್ದಾಡಬೇಡ್ವೋ, ಪೆಟ್ಟಿಗೇಲಿ ಏನೂ ದೋಷ ಇಲ್ಲ, ನಾನು ನೊಂದ್ಕೋತೀನಿ ಅಂತ ಇವರೂ ದನಿ ಸರಿಯಾಗಿ ಕೇಳ್ಸಲ್ಲ ಅಂತಾರೆ ಅಷ್ಟೆ. ಏನು ನೊಂದ್ಕೊಳೋದು ಅಕ್ಕ? ನೀನು ಮಾಡಿದ್ದು ತಪ್ಪೋದುಂಟಾ, ಹೋಗಿರೋದು ನನ್ನ ಕಿವಿ ಕಣೋ. ಸ್ಕ್ರೂಡ್ರೈವರು ಜೇಬಿನಲ್ಲೇ ಇದೆ, ಎರಡು ತಂತಿ, ಎಷ್ಟು ಹೊತ್ತಿನ ಕೆಲಸ, ಆದರೆ ಸಂಜೆ, ಅಂಗಡಿಯವರು, ಭಾವನ ನಗು, ಊರೂರಲ್ಲೂ – ಗಾಯಕಿ ಮತ್ತೆ ಶುರು ಮಾಡಿದಳು, ಅಕ್ಕ ಕಿವಿಯ ಹಿಂದೆ ಅಂಗೈ ಮಡಿಸಿ ಮುಂದಕ್ಕೆ ಬಾಗಿದಳು, ಭಾವನ ನಗು, ಕಿವಿಯ ಹಿಂದೆ ಅಂಗೈ, ಇನ್ನೂ ಬಾಗಿ, ಕಿವಿಯ ಹಿಂದೆ ಅಂಗೈ,