ಸೊಸೆಯನ್ನು ಹಿಡಿಯಲು ಹೋದದ್ದು

ನಮ್ಮಮ್ಮ ಅಹಲ್ಯಾಗೆ ಅನುಮಾನ ಬಂತೆಂದರೆ ಮುಗಿಯಿತು, ಊಟ ನಿದ್ದೆ ಎರಡನ್ನೂ ಬಿಡುತ್ತಾಳೆ. ಈ ಸಲದ ಅನುಮಾನ ನನ್ನ ಅಣ್ಣ ಕೌಸ್ತುಭನ ಹೆಂಡತಿ ಯೂಲಾನ್ ಮೇಲೆ. ಅವಳು ಚೀನಾದ ಗ್ವಿಜೌ ಕಡೆಯ ಬುಯಿ ಜನಾಂಗದ ಹುಡುಗಿ, ಆಸ್ಟ್ರೇಲಿಯಾಕ್ಕೆ ಓದಲು ಬಂದವಳು. ೨೦೧೪ರಲ್ಲಿ ಅಡಿಲೇಡ್‌ನಲ್ಲಿ ಮದುವೆಯಾಯಿತು. ಅಲ್ಲೇ ಪ್ರಾಸ್ಪೆಕ್ಟ್ ಬಡಾವಣೆಯ ನಮ್ಮ ಮನೆಯ ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರನ್ನು ಒದ್ದು ಒಳಗೆ ಬಂದವಳು, ಪಾಯಸ ಕುಡಿದು, ಅದೇ ಸಂಜೆ, ಬ್ರಿಸ್ಬೇನ್‌ನಲ್ಲಿ ತನ್ನೊಂದಿಗಿದ್ದ ತಾಯಿಯ ಜೊತೆ ಅಲ್ಲಿಗೆ ವಿಮಾನ ಹತ್ತಿದಳು.

"ಅವರಲ್ಲಿ ಹಾಗೇ ಅಂತೆ ಅಮ್ಮ. ಮದುವೆ ಆದ್ಮೇಲೂ ಹುಡುಗಿ ಸ್ವಲ್ಪ ಕಾಲ ತವರಲ್ಲೇ ಇರ್ತಾಳಂತೆ," ಎಂದ ಅಣ್ಣ.

"ಸ್ವಲ್ಪ ಅಂದ್ರೆ ಎಷ್ಟೋ?"

"ಗೊತ್ತಿಲ್ಲ. ಕೇಳ್ಬಾರ್ದಂತೆ."

ಕೇಳಬಾರದಂತೆ! ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಕೆ?

ಒಂದೂವರೆ ವರ್ಷ ಕಳೆಯಿತು. ಹಬ್ಬ ಹರಿದಿನಕ್ಕೆ ಬರುವಳು, ಎರಡು ದಿನ ಇದ್ದು ಹೋಗುವಳು. ಯುಗಾದಿಗೆ ಅಂಟಕ್ಕಿಯ ಅನ್ನ ತಂದಿದ್ದಳು. ಎಲೆ, ಹೂವಿನ ರಸದಲ್ಲಿ ಬಣ್ಣ ಕಟ್ಟಿದ್ದು; ಕಪ್ಪು, ಹಳದಿ, ನೇರಳೆ. "ಹಬ್ಬದ ದಿನ ಯಾರಾದ್ರೂ ಕಪ್ಪು ಅನ್ನ ತರ್ತಾರಾ? ಏನು ಬೆರೆಸಿದಾಳೋ," ಎಂದು ಅಮ್ಮ ಮುಟ್ಟಲಿಲ್ಲ. ನಾನು ತಿಂದೆ. ಚೆನ್ನಾಗಿತ್ತು. ಅಣ್ಣ ಮಾತ್ರ ಪ್ರತಿ ಸಲ ಅವಳನ್ನು ಏರ್‌ಪೋರ್ಟಿಗೆ ಬಿಟ್ಟು ಬಂದು, ಇಳಿಯದೆ ಕಾರಿನಲ್ಲೇ ಕೂತಿರುತ್ತಿದ್ದ. ಅದನ್ನು ನೋಡಿದರೆ ನನಗೂ ಸಂಕಟವಾಗುತ್ತಿತ್ತು.

ಬೆಂಕಿಗೆ ತುಪ್ಪ ಸುರಿಯಲು ಪರ್ತ್‌ನಲ್ಲಿ ಅಮ್ಮನ ಕಾಲೇಜು ಗೆಳತಿ ಉಷಾ ಆಂಟಿ ಇದ್ದರು. "ಇದೆಲ್ಲ ಪಿಆರ್‌ಗೋಸ್ಕರ, ಇಲ್ಲಿ ಕಾಯಂ ಇರೋ ವೀಸಾಗೋಸ್ಕರ ಕಣೇ ಅಹಲ್ಯಾ. ಅದು ಕೈಗೆ ಸಿಕ್ಕಿದ ದಿನ ನಿನ್ನ ಮಗನಿಗೆ ಟಾಟಾ. ಅಲ್ಲಿ ಬೇರೆ ಯಾವನಾದ್ರೂ ಇದಾನಾ ನೋಡು," ಎಂದರು ಫೋನಿನಲ್ಲಿ.

ಅಮ್ಮ ನೋಡಲು ಹೊರಟಳು. ಆದರೆ ಮೈಸೂರಿನವಳು, ಹೇಳದೆ ಕೇಳದೆ ಬೀಗರ ಮನೆಗೆ ಹೋಗುವುದುಂಟೆ? ಮೊದಲೇ ಫೋನ್ ಮಾಡಿ, ದಿನ ಗೊತ್ತು ಮಾಡಿ, ಹೂವು ಹಣ್ಣು ಹಿಡಿದು ನನ್ನನ್ನೂ ಎಳೆದುಕೊಂಡು ಬ್ರಿಸ್ಬೇನಿಗೆ ಹೋದಳು. ಯೂಲಾನ್ ಮನೆಯಲ್ಲಿರಲಿಲ್ಲ. ಗೆಳತಿಯ ಮನೆಗೆ ಹೋಗಿದ್ದಾಳೆ ಎಂದರು ಅವಳ ತಾಯಿ. ಎರಡನೆಯ ಸಲವೂ ಅದೇ ಕಥೆ. ಮೇಜಿನ ಮೇಲೆ ಅವಳು ಅರ್ಧ ಕುಡಿದಿಟ್ಟ ಟೀ ಇನ್ನೂ ಹಬೆಯಾಡುತ್ತಿತ್ತು. ತಾಯಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು. ಈಗ ನನಗೂ ಅನುಮಾನ ಹತ್ತಿತು.

"ಈ ಸಲ ಹೇಳ್ದೆ ಹೋಗ್ತೀನಿ," ಎಂದಳು ಅಮ್ಮ. "ಕಳ್ಳಾಟ ಸಿಕ್ತೋ, ಇಮಿಗ್ರೇಷನ್‌ಗೂ ನಾನೇ ಬರೀತೀನಿ, ಡಿವೋರ್ಸೂ ನಾನೇ ಕೊಡಿಸ್ತೀನಿ. ನನ್ನ ಮಗ ಇನ್ನೊಂದು ದಿನ ಆ ಕಾರಲ್ಲಿ ಕೂರಬಾರ್ದು."

ಭಾನುವಾರ ಬೆಳಿಗ್ಗೆ ಬ್ರಿಸ್ಬೇನ್ ಹತ್ತಿರದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಆ ಮನೆಗೆ ಹೋದೆವು. ಅಮ್ಮ ಕಾಲಿಂಗ್ ಬೆಲ್ ಒತ್ತಲಿಲ್ಲ. ಪಕ್ಕದ ಗೇಟಿನಿಂದ ಹಿತ್ತಲಿಗೆ ನುಗ್ಗಿದಳು. ಯೂಲಾನ್ ಬಟ್ಟೆ ಒಣಹಾಕುತ್ತಿದ್ದಳು. ನಮ್ಮನ್ನು ಕಂಡದ್ದೇ ಚೀರಿ, ಕೈಯಲ್ಲಿದ್ದ ಬೆಡ್‌ಶೀಟ್ ಬಿಸಾಕಿ ಓಡಿದಳು. ತಪ್ಪಿಲ್ಲದವರು ಯಾಕೆ ಓಡುತ್ತಾರೆ? ಅಮ್ಮ ಹಾರಿ ಅವಳ ಜಡೆ ಹಿಡಿದಳು.

"ಯಾರೇ ಒಳಗಿರೋದು? ಹೇಳು!"

ಯೂಲಾನ್ ಕೊಸರಾಡಿದಳು. ಒಳಗಿನಿಂದ ಓಡಿಬಂದದ್ದು ಅವಳ ತಾಯಿ. ಕೈಯಲ್ಲಿ ಬಿದಿರಿನ ಸಿಪ್ಪೆಗೆ ನೀಲಿ ಬಟ್ಟೆ ಸುತ್ತಿದ ಒಂದು ವಿಚಿತ್ರ ಟೋಪಿ. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. "ಹಿಡಿದಿರಾ! ಜಡೆ ಬಿಚ್ಚಿ! ಇದು ಹಾಕಿ, ಬೇಗ!" ಎಂದು ಹರಕು ಇಂಗ್ಲಿಷಿನಲ್ಲಿ ಕೂಗಿದರು.

ಅಮ್ಮ ಬೆಚ್ಚಿ ಕೈ ಬಿಟ್ಟಳು. ಯೂಲಾನ್ ಜಾರಿ ಹಿಂದಿನ ಗೇಟಿನ ಹತ್ತಿರ ಹೋದಳು.

ಅವಳ ತಾಯಿ ಮೆಟ್ಟಿಲ ಮೇಲೆ ಕೂತರು. ಅವರು ತುಂಡು ತುಂಡಾಗಿ ಹೇಳಿದ್ದರ ಸಾರಾಂಶ ಇಷ್ಟು. ಅವರ ಪದ್ಧತಿಯಂತೆ ಗಂಡನ ಮನೆಯ ಹೆಂಗಸರು ಸುಳಿವು ಕೊಡದೆ ಬಂದು, ಹುಡುಗಿಯನ್ನು ಹಿಡಿದು, ಜಡೆ ಬಿಚ್ಚಿ ಈ ಟೋಪಿ ತೊಡಿಸಬೇಕು. ತೊಡಿಸಿದ ಮೇಲೆ ಅವಳು ಗಂಡನ ಮನೆಯವಳು. ತಪ್ಪಿಸಿಕೊಂಡು ಗೇಟು ದಾಟಿದರೆ ಮತ್ತೆ ಕಾಯಬೇಕು. "ಈಗ ಊರಲ್ಲೂ ಕಡಿಮೆ ಜನ ಮಾಡುತ್ತಾರೆ. ಇದು ನನ್ನ ಅತ್ತೆ ನನಗೆ ತೊಡಿಸಿದ್ದು. ಬನ್ನಿ ಎಂದು ನಾವೇ ಕರೆದರೆ ಮಗಳನ್ನು ಹೊರಗೆ ತಳ್ಳಿದ ಹಾಗೆ. ನೀವು ಬರುವುದು ಗೊತ್ತಾದರೆ ಅವಳು ಮನೆಯಲ್ಲಿ ಇರುವಂತಿಲ್ಲ. ನೀವು ಪ್ರತಿ ಸಲ ಫೋನ್ ಮಾಡಿದಿರಿ!"

ನಾನು ಅಮ್ಮನ ಮುಖ ನೋಡಿದೆ. ಇಮಿಗ್ರೇಷನ್, ಡಿವೋರ್ಸ್, ಉಷಾ ಆಂಟಿ, ಎಲ್ಲವೂ ಆ ಮುಖದ ಮೇಲೆ ಹಾದುಹೋದವು.

ಯೂಲಾನ್ ಗೇಟಿನ ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ತೆರೆದಿರಲಿಲ್ಲ. ಕಣ್ಣು ತುಂಬಿತ್ತು. ಅಣ್ಣ ಕಲಿಸಿದ ಕನ್ನಡದಲ್ಲಿ ಕೇಳಿದಳು.

"ಯಾಕ್ ಬಿಟ್ರಿ ಅಮ್ಮ?"

ಅಮ್ಮ ವ್ಯಾನಿಟಿ ಬ್ಯಾಗನ್ನು ನನ್ನ ಮೇಲೆ ಎಸೆದು, ಬೀಗಿತಿಯ ಕೈಯಿಂದ ಟೋಪಿ ಕಿತ್ತುಕೊಂಡು, ಸೆರಗು ಸಿಕ್ಕಿಸಿ ಓಡಿದಳು. ಯೂಲಾನ್ ಚಿಲಕ ಬಿಟ್ಟು, ಹಿತ್ತಲಿನ ಒಳಗೇ ಬಟ್ಟೆಹಗ್ಗದ ಸುತ್ತ ಓಡಿದಳು. ಆದರೆ ಮಂಡಿನೋವಿನ ಅತ್ತೆಗೆ ಸಿಗುವಷ್ಟು ವೇಗದಲ್ಲಿ ಮಾತ್ರ.