ಕಂಬದ ಕೆಳಗೆ ನಿಲ್ಲುವವನು

ಮೈದುನನ ಸುಳ್ಳು ಸಿಕ್ಕಿಬಿದ್ದದ್ದು ಒಂದು ಬ್ಯಾಟರಿಯಿಂದ.

"ಎಲ್ಲೋ ಹೋಗಿದ್ದೆ ಇಷ್ಟು ಹೊತ್ತು?" ಎಂದು ಅತ್ತಿಗೆ ಕೇಳಿದ್ದಕ್ಕೆ ಅವನು ಶೂ ಬಿಚ್ಚುತ್ತಲೇ, "ಮೇಲೆ, ಕಂಟ್ರೋಲ್ ರೂಮಿಗೆ. ವಾಕಿಟಾಕಿಗೆ ಬ್ಯಾಟರಿ ತಗೊಂಡು ಬರೋಕೆ" ಎಂದಿದ್ದ.

ಅವಳು ಸುಮ್ಮನೆ ತಲೆಯಾಡಿಸಿದಳು. ವಿದ್ಯುತ್ ಕಂಪನಿಯ ಆ ಡಿಪೋದಲ್ಲಿ ಬ್ಯಾಟರಿ, ರಬ್ಬರ್ ಕೈಗವಸು, ಸೊಂಟದ ಬೆಲ್ಟು ಎಲ್ಲವನ್ನೂ ಎಣಿಸಿ ಕೊಡುವ ಸ್ಟೋರಿನವಳು ಅವಳೇ. ಕಂಟ್ರೋಲ್ ರೂಮಿನಲ್ಲಿ ಬ್ಯಾಟರಿ ಕೊಡುವ ಪದ್ಧತಿ ಯಾವತ್ತೂ ಇರಲಿಲ್ಲ. ಅದು ಅವನಿಗೂ ಗೊತ್ತು. ಗೊತ್ತಿದ್ದೂ ಬಾಯಿಗೆ ಬಂದದ್ದನ್ನು ಹೇಳಿದನೆಂದರೆ, ಹೇಳಲಾಗದ ಬೇರೇನೋ ಒಳಗಿದೆ ಎಂದೇ ಅರ್ಥ. ಹೆತ್ತ ಮಗನಲ್ಲದಿದ್ದರೂ, ಶಾಲೆಗೆ ಹೋಗುವ ವಯಸ್ಸಿನಿಂದ ತಲೆ ಬಾಚಿ ಬೆಳೆಸಿದವಳಿಗೆ ಅವನ ಸುಳ್ಳಿನ ದನಿ ಗೊತ್ತಾಗದೆ ಇರುತ್ತದೆಯೆ?

ಬೇರೆ ದಿನಗಳಾಗಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದಳು. ಇವು ಅಂಥ ದಿನಗಳಲ್ಲ.

ಡಿಪೋದಲ್ಲಿ ನಿವೃತ್ತರಾದವರ ಜಾಗಕ್ಕೆ ಕಂಪನಿ ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಮೊದಲು ಒಂದು ಕಂಬಕ್ಕೆ ಇಬ್ಬರು. ಒಬ್ಬ ಮೇಲೆ ಹತ್ತಿದರೆ ಇನ್ನೊಬ್ಬ ಕೆಳಗೆ ನಿಂತು ಅವನ ಮೇಲಿಂದ ಕಣ್ಣು ತೆಗೆಯದೆ ನೋಡುತ್ತಿರಬೇಕು. ಈಗ ಕಂಬಕ್ಕೆ ಒಬ್ಬನೇ. ನಷ್ಟದಲ್ಲಿದ್ದೇವೆ, ಎಲ್ಲರೂ ಹೊಟ್ಟೆ ಬಟ್ಟೆ ಕಟ್ಟಬೇಕು ಎಂದು ಹೇಳಿದ ದೊಡ್ಡ ಸಾಹೇಬರು ಅದೇ ವರ್ಷ ತಮ್ಮ ಸಂಬಳವನ್ನು ದುಪ್ಪಟ್ಟು ಮಾಡಿಕೊಂಡ ಸುದ್ದಿ ಪೇಪರಿನಲ್ಲಿ ಬಂತು.

"ಮೇಲೆ ಹತ್ತೋಕೆ ನಮಗೆ ಬೆಲ್ಟು ಬೇಕು, ಏಣಿ ಬೇಕು. ಅವರ ಸಂಬಳ ನೋಡಿ, ಬರಿಗಾಲಲ್ಲಿ ಹತ್ತಿಬಿಡ್ತು" ಎಂದ ಗೊಣಗಪ್ಪ. ಕಂಬ ಹತ್ತುವವರ ಗ್ಯಾಂಗಿನಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲದಕ್ಕೂ ಗೊಣಗುವವನು. ಅದಕ್ಕೇ ಆ ಹೆಸರು.

ಮುಷ್ಕರದ ಮಾತು ಹುಟ್ಟಿದ್ದು ಅಲ್ಲಿಂದ. ಅವಳ ಗಂಡನೇ ಗ್ಯಾಂಗಿನ ಮೇಸ್ತ್ರಿ, ಅವನೇ ಮುಂದಾಳು. ಊಟದ ಹೊತ್ತಿನಲ್ಲಿ ಶೆಡ್ಡಿನ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದರು. ಆದರೆ ಶೆಡ್ಡಿನೊಳಗೆ ಆಡಿದ ಮಾತು ಸಂಜೆಯೊಳಗೆ ಆಫೀಸಿಗೆ ತಲುಪುತ್ತಿತ್ತು. ಸಾಹೇಬರ ಕಾರನ್ನು ಮುಂದಿನ ಗೇಟಿನಲ್ಲಿ ತಡೆಯೋಣ ಎಂದುಕೊಂಡರೆ ಕಾರು ಹಿಂದಿನ ಗೇಟಿನಿಂದ ಹೋಯಿತು. ಓವರ್‌ಟೈಮ್ ಮಾಡುವುದು ಬೇಡ ಎಂದು ತೀರ್ಮಾನಿಸಿದ ಮರುದಿನ ಬೆಳಿಗ್ಗೆಯೇ ಗುತ್ತಿಗೆಯ ಕೂಲಿಗಳ ಲಾರಿ ಅಂಗಳದಲ್ಲಿ ನಿಂತಿತ್ತು. ಜೋರಾಗಿ ಮಾತಾಡಿದ ಇಬ್ಬರಿಗೆ ದೂರದ ಡಿಪೋಗೆ ವರ್ಗವಾಯಿತು.

"ನಮ್ಮ ಅಂಗಿಯೊಳಗೇ ಹಾವಿದೆ" ಎಂದ ಮೇಸ್ತ್ರಿ.

ಅವತ್ತಿನಿಂದ ಶೆಡ್ಡಿನ ಬಣ್ಣವೇ ಬದಲಾಯಿತು. ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈಹಾಕಿ ತಿನ್ನುತ್ತಿದ್ದವರು ಈಗ ಮೂಲೆಗೊಬ್ಬರಂತೆ ಕೂತರು. ಯಾರಾದರೂ ಕೆಮ್ಮಿದರೆ ಯಾಕೆ ಕೆಮ್ಮಿದ ಎಂದು ನೋಡುವರು. ಆ ನೋಟಗಳೆಲ್ಲ ತಿರುಗಿ ತಿರುಗಿ ಕೊನೆಗೆ ಒಬ್ಬನ ಮೇಲೆ ನಿಂತವು. ಆಫೀಸಿನ ಮಹಡಿಗೆ ದಿನಾ ಹತ್ತುವವನು ಯಾರು? ಕೇಳಿದರೆ ಕೆಂಪಾಗಿ ಏನೋ ಒಂದು ಹೇಳಿ ಜಾರಿಕೊಳ್ಳುವವನು ಯಾರು? ಮೇಸ್ತ್ರಿಯ ತಮ್ಮ.

ಅವಳೂ ನೋಡಿದಳು. ನೋಡಬಾರದು ಎಂದುಕೊಂಡೇ ನೋಡಿದಳು. ಸಂಜೆ ಮುಖ ತೊಳೆದು ಕ್ರಾಪು ತಿದ್ದಿಕೊಳ್ಳುವುದು. ಫೋನು ಬಂದರೆ ಹಿತ್ತಲಿಗೆ ಹೋಗುವುದು. ಬಟ್ಟೆ ಒಗೆಯುವಾಗ ಅವನ ಪ್ಯಾಂಟಿನ ಜೇಬನ್ನು ಒಂದಲ್ಲ ಎರಡು ಸಲ ಹೊರಳಿಸಿ ನೋಡಿದಳು. ಸಿಕ್ಕಿದ್ದು ಒಂದು ಸ್ಕ್ರೂ, ಒಂದು ಪೆಪ್ಪರ್‌ಮಿಂಟು. ತಿರುಗಿದರೆ ಅವನು ಬಾಗಿಲಲ್ಲಿ ನಿಂತಿದ್ದ. ಒಳಗೆ ಹೋದ.

ಅವತ್ತು ಬೆಳಿಗ್ಗೆ ಗಂಡ ತಿಂಡಿಯ ತಟ್ಟೆ ಸರಿಸಿ ಹೇಳಿದ: "ಇವತ್ತು ಊಟದ ಹೊತ್ತಿಗೆ ಮೀಟಿಂಗು. ಅವನನ್ನ ಸಂಘದಿಂದ ತೆಗೀತೀವಿ."

"ರೀ, ನಿಮ್ಮ ತಮ್ಮ ಅವನು."

"ಅದಕ್ಕೇ ನಾನೇ ತೆಗೀಬೇಕು. ಬೇರೆಯವರು ತೆಗೆದ್ರೆ ತಮ್ಮನನ್ನ ಮುಚ್ಚಿಟ್ಟ ಅಂತಾರೆ."

"ತೆಗೆದ ಮೇಲೆ ಅವನ ಜೊತೆ ಯಾರು ಕೆಲಸ ಮಾಡ್ತಾರೆ? ಒಂದು ಸ್ಪ್ಯಾನರ್ ಎತ್ತಿ ಕೊಡೋರೂ ಇರಲ್ಲ. ಅವನು ಈ ಮನೇಲಿ ಹೇಗಿರ್ತಾನೆ?"

"ಇರೋದು ಬೇಡ" ಎಂದು ಗಂಡ ಎದ್ದುಹೋದ.

ಅವಳು ಪಾತ್ರೆ ತಿಕ್ಕುತ್ತ ಲೆಕ್ಕ ಹಾಕಿದಳು. ಅವನೇ ಕಳ್ಳ ಎಂದಾದರೆ ಬಾಯಿಂದ ಹೊರಡಿಸಿ, ಕಾಲಿಗೆ ಬೀಳಿಸಿಯಾದರೂ ಉಳಿಸಬೇಕು. ಅಲ್ಲ ಎಂದಾದರೆ ಊಟದ ಹೊತ್ತಿನೊಳಗೆ ಗೊತ್ತಾಗಬೇಕು. ಎರಡಕ್ಕೂ ದಾರಿ ಒಂದೇ, ಆ ಮಹಡಿ.

ಮಧ್ಯಾಹ್ನ ಶೆಡ್ಡಿನ ಬಾಗಿಲು ಮುಚ್ಚಿದ್ದನ್ನು ನೋಡಿ, ಸ್ಟೋರಿಗೆ ಬೀಗ ಹಾಕಿ ಮೆಟ್ಟಿಲು ಹತ್ತಿದಳು. ಮೇಲಿನ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಕಂಟ್ರೋಲ್ ರೂಮಿನ ಬಾಗಿಲು ಒಂದು ಗೇಣು ತೆರೆದಿತ್ತು. ಒಳಗಿನಿಂದ ಗೊಣಗಪ್ಪನ ದನಿ ಬಂತು.

ಹಾವು ಈ ಮುದುಕನೇ? ಆದರೆ ಈಗಷ್ಟೇ ಅವನು ಡಬ್ಬಿ ಹಿಡಿದು ಶೆಡ್ಡಿನೊಳಗೆ ಹೋದದ್ದನ್ನು ಅವಳೇ ಕಂಡಿದ್ದಳು. ಬಾಗಿಲು ತಳ್ಳಿದಳು.

ಗೋಡೆ ತುಂಬ ಕೆಂಪು, ಹಸಿರು ದೀಪಗಳು. ಆಪರೇಟರ್ ಹುಡುಗಿ ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದಾಳೆ. ಅವಳ ಕುರ್ಚಿಯಲ್ಲಿ ಸಿಬ್ಬಂದಿ ಅಧಿಕಾರಿ, ಕಾಲಮೇಲೆ ಕಾಲು, ಕೈಯಲ್ಲಿ ಚಹಾ. ಮೇಜಿನ ಮೇಲಿನ ಸ್ಪೀಕರಿನಿಂದ ಗೊಣಗಪ್ಪನ ಗೊಣಗು, ಡಬ್ಬಿಯ ಮುಚ್ಚಳದ ಸದ್ದು, ಅದರ ಹಿಂದೆಯೇ ಅವಳ ಗಂಡನ ದನಿ:

"ಇವತ್ತಿಂದ ಇವನು ನನ್ನ ತಮ್ಮ ಅಲ್ಲ."

ಅಧಿಕಾರಿ ತಿರುಗಿ ನೋಡಿ ಗುಂಡಿ ತಿರುಗಿಸಿ ಸದ್ದು ಅಡಗಿಸಿದ. "ಏನಮ್ಮಾ, ಇಲ್ಲೇನು ಕೆಲಸ?"

"ಫ್ಯಾನು ಕೆಟ್ಟಿದೆ ಅಂದ್ರು ಸಾರ್."

ಮೂವರ ತಲೆಯ ಮೇಲೂ ಫ್ಯಾನು ಭರ್ರೆಂದು ತಿರುಗುತ್ತಿತ್ತು.

"ಸರಿಹೋಯ್ತು ಅನ್ಸತ್ತೆ" ಎಂದು ಹೇಳಿ ಅವಳು ಹೊರಬಂದಳು.

ಮೆಟ್ಟಿಲ ತಿರುವಿನಲ್ಲಿ ಹುಡುಗಿ ಓಡಿಬಂದು ಕೈ ಹಿಡಿದಳು. "ಅಕ್ಕಾ, ನಾನು ಟೆಂಪರರಿ. ಬಾಯಿ ಬಿಟ್ರೆ ನಾಳೆನೇ ಮನೆಗೆ ಹೋಗು ಅಂದಿದಾರೆ."

"ನಮ್ಮ ಹುಡುಗಂಗೆ ಗೊತ್ತಾ ಇದು?"

"ಅವರಿಗಾ? ಅವರು ಬರೋದು…" ಹುಡುಗಿಯ ಕಿವಿಯವರೆಗೆ ಕೆಂಪೇರಿತು. "ಅವರು ಬರೋದು ಸಂಜೆ. ಪೆಪ್ಪರ್‌ಮಿಂಟು ತರ್ತಾರೆ. ಇದನ್ನ ಹೇಳಿದ್ರೆ ಸುಮ್ನಿರ್ತಾರಾ? ಅದಕ್ಕೇ ಹೇಳಿಲ್ಲ ಅಕ್ಕಾ, ನಿಮ್ಮಾಣೆ."

ಅವಳಿಗೆ ಆ ಹುಡುಗಿಯ ಕೆನ್ನೆಗೆ ಒಂದು ಕೊಡಬೇಕೆನಿಸಿತು, ತಲೆ ಸವರಬೇಕೆಂದೂ ಅನಿಸಿತು. ಎರಡಕ್ಕೂ ಪುರಸೊತ್ತಿರಲಿಲ್ಲ. ಅಂಗಳ ದಾಟುವಾಗ ಅವಳಿಗೆ ಎಲ್ಲ ಬಿಡಿಸಿಕೊಂಡಿತು.

ಒಬ್ಬನೇ ಕಂಬ ಹತ್ತುವ ಕಾಲ ಬಂದಾಗ ಈ ಉಪಾಯ ಹುಡುಕಿದವನು ಅವಳ ಗಂಡನೇ. ಹತ್ತುವ ಮೊದಲು ವಾಕಿಟಾಕಿಯ ಮಾತಿನ ಗುಂಡಿಯನ್ನು ಒತ್ತಿ, ಅದರ ಮೇಲೆ ವೈರಿಗೆ ಸುತ್ತುವ ಕಪ್ಪು ಟೇಪು ಬಿಗಿಯುವುದು. ಎರಡೂ ಕೈ ಬಿಡುವಾಗುತ್ತವೆ. ಮೇಲಿರುವವನು ಏದುಸಿರು ಬಿಟ್ಟರೂ ಕಂಟ್ರೋಲ್ ರೂಮಿಗೆ ಕೇಳುತ್ತದೆ. ಬಿದ್ದರೆ, ಶಾಕ್ ಹೊಡೆದರೆ, ಯಾರಿಗಾದರೂ ಗೊತ್ತಾಗಲಿ ಎಂದು. ಕೆಳಗೆ ನಿಲ್ಲುವ ಮನುಷ್ಯನ ಬದಲಿಗೆ ಒಂದು ಗೇಣು ಟೇಪು. ಆದರೆ ಗುಂಡಿ ಒತ್ತಿದ ಸೆಟ್ಟು ಮಾತನ್ನು ಕಳಿಸುತ್ತದೆಯೇ ಹೊರತು ತಾನೇನೂ ಸದ್ದು ಮಾಡುವುದಿಲ್ಲ, ಸತ್ತಂತೆ ಸುಮ್ಮನಿರುತ್ತದೆ; ಊಟದ ಹೊತ್ತಿಗೆ ಉಳಿದವರು ತಮ್ಮ ಸೆಟ್ಟು ಆಫ್ ಮಾಡಿರುತ್ತಾರೆ. ಹಸಿದು ಇಳಿದು ಬಂದವನು ಟೇಪು ಕೀಳಲು ಮರೆತು ಸೆಟ್ಟಿನ ಸಮೇತ ಬೆಲ್ಟನ್ನು ಶೆಡ್ಡಿನ ಗೂಟಕ್ಕೆ ನೇತುಹಾಕಿ ಊಟಕ್ಕೆ ಕೂತರೆ, ಮುಗಿಯಿತು.

ಅವಳು ಶೆಡ್ಡಿನ ಬಾಗಿಲು ತಳ್ಳಿದಳು. ನಡುವೆ ಮೈದುನ ನಿಂತಿದ್ದ. ಅವನ ಸಂಘದ ಬಿಲ್ಲೆ ಆಗಲೇ ಮೇಜಿನ ಮೇಲಿತ್ತು.

"ಸ್ಟೋರಕ್ಕಾ, ಇದು ಗಂಡಸರ…" ಎಂದು ಗೊಣಗಪ್ಪ ಬಾಯಿ ತೆರೆದ.

ಅವಳು ತುಟಿಯ ಮೇಲೆ ಬೆರಳಿಟ್ಟು ಗೂಟಗಳ ಕಡೆ ನಡೆದಳು. ಸಾಲಾಗಿ ಬೆಲ್ಟುಗಳು. ಮೊದಲನೆಯದು ಸರಿಯಾಗಿತ್ತು. ಎರಡನೆಯದೂ. ಮೂರನೆಯದರಲ್ಲಿ ಕಪ್ಪು ಟೇಪು ಬಿಗಿದುಕೊಂಡು ಕೂತಿತ್ತು. ಆ ಬೆಲ್ಟಿನ ಹರಿದ ಹೊಲಿಗೆಗೆ ನೀಲಿ ದಾರ ಹಾಕಿದವಳು ಅವಳೇ. ಗಂಡನ ಬೆಲ್ಟು.

ಒಂದು ಕ್ಷಣ ಅವಳ ಕೈ ಹಿಂಜರಿಯಿತು. ಯಾರಿಗೂ ಕಾಣದಂತೆ ಟೇಪು ಕಿತ್ತುಬಿಟ್ಟರೆ ಗಂಡನ ಮರ್ಯಾದೆ ಉಳಿಯುತ್ತದೆ. ಆದರೆ ಬಿಲ್ಲೆ ಮೇಜಿನ ಮೇಲೇ ಉಳಿಯುತ್ತದೆ. ಅವಳು ಸೆಟ್ಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಟೇಪನ್ನು ಪರ್ರನೆ ಎಳೆದಳು. ಸತ್ತಂತಿದ್ದ ಸೆಟ್ಟು ಕರಕರ ಎಂದು ಜೀವ ಪಡೆಯಿತು.

"ಇಷ್ಟು ಹೊತ್ತು ಸಿಬ್ಬಂದಿ ಆಫೀಸರು ಚಹಾ ಕುಡೀತಾ ನಿಮ್ಮ ಮೀಟಿಂಗು ಕೇಳ್ತಿದ್ರು. ನನ್ನ ಕಣ್ಣಾರೆ ನೋಡಿ ಬಂದೆ" ಎಂದಳು.

ಮೇಸ್ತ್ರಿಯ ಮುಖ ಸುಣ್ಣದ ಗೋಡೆಯಾಯಿತು. ಗೊಣಗಪ್ಪ ತನ್ನ ಜನ್ಮದಲ್ಲೇ ಮೊದಲ ಬಾರಿ ಗೊಣಗಲು ಏನೂ ಸಿಗದೆ ಡಬ್ಬಿ ಮುಚ್ಚಿದ.

ಮೈದುನ ಅಣ್ಣನ ಕಡೆ ನೋಡಲಿಲ್ಲ. ಅವಳನ್ನು ನೋಡಿದ. "ಅತ್ತಿಗೆ, ನೀವೂ ನನ್ನನ್ನೇ ಅಂದ್ಕೊಂಡಿದ್ರಿ ಅಲ್ವಾ?"

ಇಲ್ಲ ಎನ್ನುವುದು ಸುಲಭವಿತ್ತು. "ಹೌದಪ್ಪಾ" ಎಂದಳು ಅವಳು. "ಅಂದ್ಕೊಂಡಿದ್ದೆ."

ಅವನು ಬಿಲ್ಲೆ ತೆಗೆದುಕೊಂಡು ಅಂಗಿಗೆ ಸಿಕ್ಕಿಸಿಕೊಂಡ.

ಆಮೇಲೆ ಯಾರೂ ಮತ್ತೊಂದು ಮೀಟಿಂಗಿಗೆ ಕಾಯಲಿಲ್ಲ. ಊಟ ಮುಗಿಸಿದವರು, ಮುಗಿಸದವರು, ಎಲ್ಲರೂ ಎದ್ದು ಗೇಟಿನ ಮುಂದೆ ಕೂತರು. ಕೇಳಿಸಿಕೊಳ್ಳುವವರಿಗೆ ಈ ಸಲ ಕೇಳಿಸಿದ್ದು ಘೋಷಣೆಯೇ. ಕಂಬಕ್ಕೆ ಇಬ್ಬರು ಎಂಬುದು ಮೊದಲ ಬೇಡಿಕೆ, ಸಂಬಳದ ಮಾತು ಆಮೇಲೆ. ಅಣ್ಣ ಸಾಲಿನ ಈ ತುದಿಯಲ್ಲಿ ಕೂತರೆ ತಮ್ಮ ಆ ತುದಿಯಲ್ಲಿ.

ಹೊತ್ತು ಇಳಿಯುವಾಗ ಕಂಟ್ರೋಲ್ ರೂಮಿನಿಂದ ಆ ಹುಡುಗಿಯೇ ಬಂದಳು. ಡಿಪೋ ರಸ್ತೆಯ ಕೊನೆಯ ಹೆರಿಗೆ ಆಸ್ಪತ್ರೆಗೆ ಕರೆಂಟು ಹೋಗಿತ್ತು, ಜನರೇಟರ್ ಕೈಕೊಡುತ್ತಿತ್ತು. ಮುಷ್ಕರದಲ್ಲೂ ಆಸ್ಪತ್ರೆಯ ಕೆಲಸ ಬಿಡುವುದಿಲ್ಲ ಎಂಬುದು ಅವರದೇ ಹಳೆಯ ಮಾತು.

"ನಾನು ಹತ್ತೀನಿ" ಎಂದು ಮೇಸ್ತ್ರಿ ಎದ್ದ. "ಇಬ್ಬರು ಹೋಗೋಣ. ಕೆಳಗೆ ಯಾರು ನಿಲ್ತೀರಿ?"

ಎಲ್ಲರೂ ಅವರವರ ಕಾಲು ನೋಡಿಕೊಂಡರು. ಸಾಲಿನ ಆ ತುದಿಯಿಂದ ದನಿ ಬಂತು. "ನಾನು ನಿಲ್ತೀನಿ. ನನ್ನ ನಂಬಿ ಹತ್ತೋದಾದ್ರೆ."

ಅಣ್ಣ ಬಹಳ ಹೊತ್ತು ಬೆಲ್ಟಿನ ಕೊಂಡಿಯನ್ನೇ ಸರಿಮಾಡಿದ. ಆಮೇಲೆ, "ಬಾ" ಎಂದ.

ಕೈಗವಸು, ಫ್ಯೂಸು ಹಿಡಿದು ಅವಳೂ ಹಿಂದೆ ನಡೆದಳು. ಆಸ್ಪತ್ರೆಯ ಮುಂದಿನ ಕಂಬ. ಲೈನು ಆಫಾಗಿದೆ ಎಂದು ತಮ್ಮ ಪರೀಕ್ಷಿಸಿ ಹೇಳಿದ. ಅಣ್ಣ ಅದನ್ನು ಇನ್ನೊಮ್ಮೆ ತಾನೇ ನೋಡಲು ಕೈ ಚಾಚಿದವನು, ಕೈ ಹಿಂದೆಗೆದುಕೊಂಡು ಹತ್ತತೊಡಗಿದ.

ತಮ್ಮ ಕತ್ತೆತ್ತಿ ನಿಂತ. ಅವಳು ಪಕ್ಕದಲ್ಲಿ ನಿಂತಳು. ಅವಳ ಕಣ್ಣು ಮೇಲೆ ಹೋಗಲಿಲ್ಲ. ಆ ಎಳೆ ಮುಖದಲ್ಲೇ ನಾಟಿತು. ದವಡೆ ಬಿಗಿದಿದೆ. ಸಿಟ್ಟೋ? ಬೇರೆ ಕಡೆ ನೋಡಿಬಿಡುತ್ತಾನೋ? ಕೈ ಯಾಕೆ ಜೇಬಿನ ಹತ್ತಿರ ಹೋಗುತ್ತಿದೆ?

ಅವನು ಕತ್ತು ತಗ್ಗಿಸಲಿಲ್ಲ, ರೆಪ್ಪೆಯನ್ನೂ ಬಡಿಯಲಿಲ್ಲ.

"ಅತ್ತಿಗೆ" ಎಂದ ಮೆಲ್ಲಗೆ, "ನನ್ನ ಮುಖ ಕಾಯಬೇಡಿ. ಅಣ್ಣನ್ನ ನೋಡಿ."